ಹಿಡಿ ಅಂದರೆ ಹಿಡಿಯದ ಬ್ರೇಕು

ಬ್ರೇಕ್ ಹಿಡಿದರೆ ಗಾಡಿ ನಿಲ್ಲಬೇಕು. ಇಷ್ಟು ಸರಳವಾದ ವಿಷಯದಲ್ಲೂ ನರ್ಸರಿಯಣ್ಣನಿಗೂ ಅವನ ಎಟಿವಿಗೂ ಆ ಬೆಳಗ್ಗೆ ಭಿನ್ನಾಭಿಪ್ರಾಯ ಬಂತು. ದಿಬ್ಬದ ಮೇಲಿನ ಸಸಿಮಡಿಗಳಿಂದ ಕೆಳಗಿನ ಗೇಟಿಗೆ ಹೂವಿನ ಕುಂಡ ಇಳಿಸಲೆಂದು ಅವನು ಇಟ್ಟುಕೊಂಡಿದ್ದ, ನಾಲ್ಕು ದಪ್ಪ ಚಕ್ರಗಳ, ಕಲ್ಲುಮುಳ್ಳು ಎನ್ನದೆ ಓಡುವ ಕೆಂಪು ಗಾಡಿ ಅದು. ಇಳಿಜಾರಿನಲ್ಲಿ ಅವನು ಬ್ರೇಕಿನ ಹಿಡಿ ಒತ್ತಿದ. ಹಿಡಿ ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಒಳಹೋಗಿ ಹ್ಯಾಂಡಲ್ಲಿಗೆ ಅಂಟಿಕೊಂಡಿತು. ಗಾಡಿ ಮಾತ್ರ ತನ್ನ ಪಾಡಿಗೆ ಇಳಿದು ಗೊಬ್ಬರದ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ನರ್ಸರಿಯಣ್ಣನೂ ಜೊತೆಗೇ ಮೂತಿ ತೂರಿಸಿದ.

ಗೊಬ್ಬರ ಒರೆಸಿಕೊಳ್ಳುವ ಮೊದಲೇ ಅಪರಾಧಿ ಯಾರೆಂದು ಅವನಿಗೆ ಗೊತ್ತಾಗಿತ್ತು. ಹೆಂಡತಿಯ ತಮ್ಮ. ಗೆಳೆಯರ ಜೊತೆ ಗುಡ್ಡ ಹತ್ತುವ ಮೋಜಿಗೆಂದು ಗಾಡಿ ಕೇಳಿಕೊಂಡು ಹೋದವನು ಹಿಂದಿನ ಸಂಜೆ ಮೈತುಂಬ ಕೆಸರು ಮೆತ್ತಿಸಿ ತಂದು ನಿಲ್ಲಿಸಿ, ಅಕ್ಕನ ಕೈಯಡುಗೆ ಉಂಡು, ಭಾವ ಮನೆಗೆ ಬರುವ ಮೊದಲೇ ಜಾಗ ಖಾಲಿ ಮಾಡಿದ್ದ.

"ನಿನ್ನ ತಮ್ಮ ಬ್ರೇಕ್ ತಿಂದು ಹಾಕಿದ್ದಾನೆ ಕಣೆ," ಎಂದ ಮನೆಯೊಳಗೆ ಹೋಗಿ. "ಸೀಟೂ ಹರಿದಿದ್ದಾನೆ. ಹಾರ್ನ್ ಒತ್ತಿದ್ರೆ ಶೀತ ಆದವರ ಹಾಗೆ ಕೆಮ್ಮತ್ತೆ. ಒಂದೇ ದಿನದಲ್ಲಿ ಇಷ್ಟೆಲ್ಲ ಮಾಡೋಕೆ ಅವನೊಬ್ಬನಿಗೇ ಸಾಧ್ಯ."

"ಏನು ಕೆಟ್ಟರೂ ನನ್ನ ತಮ್ಮನ ತಲೆಗೇ ಕಟ್ಟಿ," ಎಂದಳು ಹೆಂಡತಿ. "ಅವನನ್ನೇ ಕೇಳಿ ನೋಡಿ."

ಫೋನಿನಲ್ಲಿ ಭಾವಮೈದುನ ತೀರಾ ಮುಗ್ಧನಾಗಿದ್ದ. "ಬ್ರೇಕಾ? ನನಗೆ ಗೊತ್ತಿಲ್ಲ ಭಾವ. ಬರೋವಾಗ ನಾನು ಬ್ರೇಕೇ ಹಿಡಿದಿಲ್ಲ."

ನರ್ಸರಿಯಣ್ಣ ಫೋನ್ ಇಟ್ಟ. ಸಿಟ್ಟು ತೋರಿಸುತ್ತ ಕೂರಲು ಪುರುಸೊತ್ತೂ ಇರಲಿಲ್ಲ. ಹೊಸ ಆಸ್ಪತ್ರೆಯ ಅಂಗಳಕ್ಕೆ ಬೇಕಾದ ಕುಂಡಗಳೆಲ್ಲ ಇನ್ನೂ ದಿಬ್ಬದ ಮೇಲೇ ಇದ್ದವು. ಸಂಜೆ ಲಾರಿ ಬರುವಷ್ಟರಲ್ಲಿ ಅವು ಗೇಟಿನ ಬಳಿ ಇರದಿದ್ದರೆ ಕೆಲಸ ಪಕ್ಕದ ರಸ್ತೆಯ ನರ್ಸರಿಯವನ ಪಾಲು. ಮೆಕ್ಯಾನಿಕ್ ನೋಡಿದರೆ ಅಂಗಡಿಗೆ ಬೀಗ ಹಾಕಿ ಅತ್ತೆ ಮನೆಗೆ ಹೋಗಿದ್ದ. ಆದದ್ದಾಗಲಿ, ತಾನೇ ಮಾಡುವುದೆಂದು ನರ್ಸರಿಯಣ್ಣ ಪಂಚೆ ಎತ್ತಿ ಕಟ್ಟಿದ.

ಕೆಲಸವೇನೋ ನೋಡಿ ಗೊತ್ತಿದ್ದದ್ದೇ. ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ಹೊಸ ಬ್ರೇಕ್ ಆಯಿಲ್ ತುಂಬಬೇಕು. ಚಕ್ರದ ಬಳಿ ಆಯಿಲ್ ಹೊರಬಿಡಲೆಂದೇ ಇರುವ ಪುಟ್ಟ ತಿರುಪು ನಿಪ್ಪಲ್ಲಿಗೆ ಒಂದು ಪಾರದರ್ಶಕ ಪೈಪು ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಖಾಲಿ ಬಾಟಲಿಗೆ ಬಿಡಬೇಕು. ಒಬ್ಬರು ಹಿಡಿ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿದರೆ ಹಳೆಯ ಆಯಿಲೂ ಒಳಗೆ ಸೇರಿದ ಗಾಳಿಯೂ ಹೊರಬರುತ್ತವೆ. ನಿಪ್ಪಲ್ ಬಿಗಿಮಾಡಿದ ಮೇಲೆಯೇ ಹಿಡಿ ಬಿಡಬೇಕು. ಮೊದಲೇ ಬಿಟ್ಟರೆ ಹೋದ ಗಾಳಿ ವಾಪಸ್ ಒಳಗೆ.

"ನಾನು ಒತ್ತು ಅಂದಾಗ ಒತ್ತು, ಹಿಡಿ ಅಂದಾಗ ಹಿಡಿ, ಬಿಡು ಅಂದಾಗ ಬಿಡು," ಎಂದು ಹೆಂಡತಿಯನ್ನು ಸೀಟಿನ ಮೇಲೆ ಕೂರಿಸಿದ. "ನಿನ್ನ ಸ್ವಂತ ಬುದ್ಧಿ ಏನೂ ಬೇಡ."

"ಇದ್ದಿದ್ರೆ ಇಲ್ಲಿ ಬಂದು ಕೂರ್ತಿದ್ನಾ," ಎಂದಳು ಅವಳು.

ನರ್ಸರಿಯಣ್ಣ ಚಕ್ರದ ಪಕ್ಕ ಅಂಗಾತ ಮಲಗಿದ. ಚಹಾ ಡಿಕಾಕ್ಷನ್ನಿನಂಥ ಕಪ್ಪು ಆಯಿಲ್ ಪೈಪಿನಲ್ಲಿ ಇಳಿಯತೊಡಗಿತು. ಅಷ್ಟರಲ್ಲಿ ಬೇಲಿಯಾಚೆಯಿಂದ ಬಸ್ಸಿನ ಮಾವ ಬಂದರು. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಓಡಿಸಲು ಬೇರೇನೂ ಇಲ್ಲದೆ ಅಕ್ಕಪಕ್ಕದವರನ್ನು ಓಡಿಸುತ್ತಿದ್ದರು.

"ಏನಪ್ಪಾ ತೆಗೀತಿದ್ದೀಯ?"

"ಗಾಳಿ ಮಾವ. ಬ್ರೇಕಿನೊಳಗೆ ಗಾಳಿ ಸೇರಿದೆ."

"ಗಾಳಿ ತೆಗೆದ್ರೆ ಬ್ರೇಕ್ ಹೆಂಗಪ್ಪಾ ಹಿಡಿಯತ್ತೆ? ನಮ್ಮ ಬಸ್ಸೆಲ್ಲ ನಿಲ್ತಿದ್ದದ್ದೇ ಗಾಳಿಯಿಂದ. ಗಾಳಿ ಇಲ್ಲ ಅಂದ್ರೆ ಡಿಪೋದಿಂದ ಹೊರಗೇ ಬಿಡ್ತಿರಲಿಲ್ಲ."

"ಅದು ಬೇರೆ, ಇದು ಬೇರೆ. ನಿಮಗೆ ಗೊತ್ತಾಗಲ್ಲ, ಬಿಡಿ ಮಾವ."

ಹೆಂಡತಿ ಬಿಟ್ಟಳು. ಪೈಪಿನಲ್ಲಿದ್ದ ಗುಳ್ಳೆಗಳೆಲ್ಲ ರಜೆ ಮುಗಿಸಿದ ಮಕ್ಕಳ ಹಾಗೆ ಸಾಲಾಗಿ ಹಿಂದಕ್ಕೆ ಹೊರಟುಹೋದವು.

"ಯಾಕೆ ಬಿಟ್ಟೆ?"

"ನೀವೇ ಬಿಡಿ ಅಂದ್ರಿ."

"ಅದು ಮಾವನಿಗೆ ಹೇಳಿದ್ದು."

"ಮಾವ ಏನನ್ನ ಹಿಡ್ಕೊಂಡಿದ್ರು ಬಿಡೋಕೆ?"

ಮತ್ತೆ ಮೊದಲಿಂದ ಶುರುವಾಯಿತು. ಈ ಸಲ ಪಕ್ಕದ ಮನೆಯ ಟೈಲರಕ್ಕ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದಳು. ಮಲಗಿದ್ದ ನರ್ಸರಿಯಣ್ಣನನ್ನು ನೋಡಿ, "ಅಯ್ಯೋ, ಅಣ್ಣನಿಗೆ ಏನಾಯ್ತು," ಎಂದಳು. ಹೆಂಡತಿ ವಿವರಿಸಿದಳು. ತಮ್ಮನ ಮೇಲಿನ ಆರೋಪವನ್ನೂ ಸೇರಿಸಿದಳು. ಟೈಲರಕ್ಕ ತಮ್ಮನ ಪರ ನಿಂತಳು. ಬಸ್ಸಿನ ಮಾವ ಗಾಳಿಯ ಪರ ನಿಂತರು. ತನ್ನ ಪರ ಯಾರೂ ಇಲ್ಲವೆಂದು ನೆಲದ ಮೇಲಿದ್ದವನಿಗೆ ಮೈ ಉರಿಯಿತು.

"ಹುಡುಗ ಅಲ್ವಾ ಅಣ್ಣಾ," ಎಂದಳು ಟೈಲರಕ್ಕ, "ಹೋಗ್ಲಿ, ಬಿಡು."

ಹೆಂಡತಿ ಮತ್ತೆ ಬಿಟ್ಟಳು.

ನರ್ಸರಿಯಣ್ಣ ಎದ್ದು ಕೂತ. ಒಬ್ಬ ಮನುಷ್ಯನಿಗೆ ತನ್ನ ಅಂಗಳದಲ್ಲಿ, ತನ್ನ ಗಾಡಿಯ ಕೆಳಗೆ ಮಲಗುವ ಸ್ವಾತಂತ್ರ್ಯವೂ ಇಲ್ಲವೇ? ಕೊನೆಗೆ, "ಇನ್ನು ಮೇಲೆ ಈ ಅಂಗಳದಲ್ಲಿ ಆ ಪದ ಯಾರೂ ಆಡಬಾರದು," ಎಂದು ಅಪ್ಪಣೆ ಮಾಡಿದ. "ಬಿ-ಡು-ಗೆ ಬದಲು ಸಾಕು ಅಂತೀನಿ. ಸಾಕು ಅಂದ್ರೆ ಮಾತ್ರ ಕೈ ತೆಗಿ."

ಇದು ಸ್ವಲ್ಪ ಹೊತ್ತು ನಡೆಯಿತು. ಆದರೆ ಬಸ್ಸಿನ ಮಾವ ನಿಂತಲ್ಲೇ ಒಂದು ಘಾಟಿಯ ಕಥೆ ತೆಗೆದರು. ಕಥೆ ಕೇಳುತ್ತ ಎಲ್ಲರೂ ಮೇಲಿನ ಡಬ್ಬಿಗೆ ಆಯಿಲ್ ಸುರಿಯುವುದನ್ನು ಮರೆತರು. ಡಬ್ಬಿ ಬರಿದಾಗಿ ಗೊರಗೊರ ಎಂದು ಗಾಳಿ ಎಳೆದುಕೊಂಡಿತು. ನರ್ಸರಿಯಣ್ಣ ಗಾಬರಿಯಿಂದ ಹೊಸ ಆಯಿಲಿನ ಬಾಟಲಿ ಎತ್ತಿ ಸುರಿದ. ಅರ್ಧ ಡಬ್ಬಿಗೆ ಬಿತ್ತು, ಅರ್ಧ ಮಡ್‌ಗಾರ್ಡಿಗೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುವಂಥದ್ದು; ಒರೆಸಲು ಬಟ್ಟೆ ಹುಡುಕಿ ತರುವಷ್ಟರಲ್ಲಿ ಕೆಂಪು ಬಣ್ಣ ಸುಟ್ಟ ಹಪ್ಪಳದಂತೆ ಬೊಬ್ಬೆ ಎದ್ದಿತ್ತು. ಟೈಲರಕ್ಕ ಅದನ್ನು ಉಗುರಿನಿಂದ ಕೆರೆದು ನೋಡಿ, "ಲೈನಿಂಗ್ ಚೆನ್ನಾಗಿದೆ," ಎಂದಳು.

"ಇದೂ ನಿನ್ನ ತಮ್ಮನಿಂದಲೇ," ಎಂದ ನರ್ಸರಿಯಣ್ಣ ಹೆಂಡತಿಗೆ.

ಆದರೂ ಅವನು ಸೋಲಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಪೈಪಿನಲ್ಲಿ ಜೇನಿನ ಬಣ್ಣದ ಹೊಸ ಆಯಿಲ್ ಒಂದೇ ಒಂದು ಗುಳ್ಳೆಯಿಲ್ಲದೆ ಬಂತು. ಹೊಸ ಆಯಿಲಿನ ಬಾಟಲಿಯೂ ಬರಿದಾಯಿತು. ಮುಚ್ಚಳ ಬಿಗಿದು, ದಿಬ್ಬ ಹತ್ತಿ, ಇಳಿಜಾರಿನಲ್ಲಿ ಹಿಡಿ ಒತ್ತಿದ. ಗಾಡಿ ಮೊಳೆ ಹೊಡೆದ ಹಾಗೆ ನಿಂತಿತು. ಬಸ್ಸಿನ ಮಾವ ಕೂಡ, "ಗಾಳಿ ಇಲ್ದೇನೂ ನಿಲ್ಲತ್ತಲ್ಲಯ್ಯಾ," ಎಂದು ತಲೆದೂಗಿದರು. ಇಡೀ ದಿನದಲ್ಲಿ ಮೊದಲ ಬಾರಿಗೆ ನರ್ಸರಿಯಣ್ಣನ ಮುಖದಲ್ಲಿ ಸಿಟ್ಟಿಗೆ ಜಾಗವಿರಲಿಲ್ಲ.

ಆಗಲೇ ಒಂದು ಪಿಕಪ್ ವ್ಯಾನು ಗೇಟಿನೊಳಗೆ ಬಂತು. ಮುಂದಿನ ಸೀಟಿನಲ್ಲಿ ಪೊದೆಮೀಸೆಯ ಅಪರಿಚಿತರೊಬ್ಬರು, ಅವರ ಪಕ್ಕ ತಲೆ ತಗ್ಗಿಸಿಕೊಂಡ ಭಾವಮೈದುನ. ವ್ಯಾನಿನ ಹಿಂಭಾಗದಲ್ಲಿ ಹಗ್ಗ ಕಟ್ಟಿದ, ಕೆಸರು ಮೆತ್ತಿದ ಒಂದು ಕೆಂಪು ಎಟಿವಿ.

"ಭಾವ, ಇವರು ಕೋಳಿ ಫಾರಂ ಇಟ್ಟಿದ್ದಾರೆ," ಎಂದ ಭಾವಮೈದುನ. "ನಿನ್ನೆ ನಮ್ಮ ಜೊತೆ ಗುಡ್ಡಕ್ಕೆ ಬಂದಿದ್ರು. ಎರಡೂ ಕೆಂಪು, ಎರಡಕ್ಕೂ ನಂಬರ್ ಪ್ಲೇಟ್ ಇಲ್ಲ, ಎರಡರಲ್ಲೂ ಕೀ ಇತ್ತು. ಹೊರಡೋ ಗಡಿಬಿಡಿಯಲ್ಲಿ ನಾನು ಇವರ ಗಾಡಿ ತಂದುಬಿಟ್ಟೆ. ಸೀಟು ಹರಿದಿಲ್ಲ ಅಂತ ನೋಡಿದ ಮೇಲೇ ಇವರಿಗೂ ಗೊತ್ತಾಗಿದ್ದು."

ನರ್ಸರಿಯಣ್ಣ ತಾನು ಕೂತಿದ್ದ ಗಾಡಿಯನ್ನೊಮ್ಮೆ, ವ್ಯಾನಿನ ಮೇಲಿದ್ದ ಗಾಡಿಯನ್ನೊಮ್ಮೆ ನೋಡಿದ. ಕೋಳಿಯವರು ಆಗಲೇ ಬೊಬ್ಬೆ ಎದ್ದ ಮಡ್‌ಗಾರ್ಡಿನ ಮುಂದೆ ನಿಂತಿದ್ದರು.

"ಇದೇನ್ರೀ? ಒಂದು ದಿನ ನಿಮ್ಮ ಮನೇಲಿದ್ದದ್ದಕ್ಕೆ ನನ್ನ ಗಾಡಿಗೆ ಆಸಿಡ್ ಸ್ನಾನ ಮಾಡಿಸಿದ್ದೀರಲ್ಲ."

"ಸ್ವಾಮಿ, ನಿಮ್ಮ ಬ್ರೇಕ್ ಸರಿಮಾಡೋಕೆ ನಾನು ಬೆಳಗ್ಗೆಯಿಂದ ನೆಲದ ಮೇಲೆ ಬಿದ್ದಿದ್ದೀನಿ," ಎಂದ ನರ್ಸರಿಯಣ್ಣ.

ಕೋಳಿಯವರು ಸ್ವಲ್ಪ ತಣ್ಣಗಾದರು. "ಹೌದಾ? ನೋಡಿ, ನಾನೂ ಸುಮ್ಮನೆ ಕೂತಿಲ್ಲ. ಗಾಡಿ ನನ್ನದೇ ಅಂದ್ಕೊಂಡು ಬೆಳಗ್ಗೆ ಹತ್ತಿದ್ರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿ. ಏನೋ ಕೆಟ್ಟಿದೆ ಅಂತ ನಾನೇ ಕೂತು ನಿಪ್ಪಲ್ ಬಿಚ್ಚಿ ಆಯಿಲ್ ಎಲ್ಲ ಇಳಿಸಿದೆ. ಈಗ ಬೆಣ್ಣೆ ಹಾಗಿದೆ. ಒಂದು ಬೆರಳು ಸಾಕು."

ಅವರು ನರ್ಸರಿಯಣ್ಣನ ಗಾಡಿ ಇಳಿಸಿ, ತಮ್ಮ ಗಾಡಿಯನ್ನು ವ್ಯಾನಿಗೆ ಹತ್ತಿಸಿಕೊಂಡು, ಕೋಳಿಗೆ ನೀರಿಡುವ ಹೊತ್ತಾಯಿತೆಂದು ಹೊರಟೇಹೋದರು. ನರ್ಸರಿಯಣ್ಣ ತನ್ನ ಸ್ವಂತ ಗಾಡಿಯ ಹಿಡಿಯನ್ನು ಒಂದು ಬೆರಳಿನಿಂದ ಒತ್ತಿ ನೋಡಿದ. ಅದು ಹೋಗಿ ಹ್ಯಾಂಡಲ್ಲಿಗೆ ಒರಗಿತು, ಮತ್ತೆ ಏಳಲಿಲ್ಲ.

ಆಸ್ಪತ್ರೆಯ ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯಿತು. ಕುಂಡಗಳನ್ನು ಕೈಯಲ್ಲೇ ಹೊತ್ತು ಇಳಿಸಬೇಕಾಯಿತು. ಬಸ್ಸಿನ ಮಾವ, ಟೈಲರಕ್ಕ, ಹೆಂಡತಿ ಎಲ್ಲರೂ ಕೈ ಹಾಕಿದರು. ನರ್ಸರಿಯಣ್ಣ ಎರಡು ಕಂಕುಳಲ್ಲೂ ಕುಂಡ ಅವುಚಿಕೊಂಡು ಏದುಸಿರು ಬಿಡುತ್ತ ಇಳಿಯುತ್ತಿದ್ದಾಗ, ಅಂಗೈಯಗಲದ ಒಂದು ತುಳಸಿ ಕುಂಡ ಹಿಡಿದ ಭಾವಮೈದುನ ಪಕ್ಕದಲ್ಲಿ ಹೆಜ್ಜೆ ಹಾಕಿದ.

"ಭಾವ, ಬರೋ ವಾರ ಗಾಡಿ ಮತ್ತೆ ಬೇಕಾಗತ್ತೆ," ಎಂದ. "ಅಷ್ಟರೊಳಗೆ ಆ ಬ್ರೇಕ್ ಒಂದು ನೋಡಿಟ್ಟಿರಿ."