ವಿಮೆಗೆ ಕೊಟ್ಟ ವಿಳಾಸ

ನೆವಿಲ್ ಆರ್ಮರಾಡನ ಕಾರಿನ ವಿಮೆ ಆ ಗುರುವಾರ ಮುಗಿಯುವುದಿತ್ತು. ಹೆಂಡತಿ ಜಾನೆಟ್ ಮನೆಯಿಂದ ಹೊರಹಾಕಿದ ಮೇಲೆ ಅವನು ಇಂಗ್ಲೆಂಡಿನ ಬರ್ನ್ಲಿ ಊರಿನಲ್ಲಿದ್ದ ಅಮ್ಮನ ಮನೆಯ ಪುಟ್ಟ ಕೋಣೆಯಲ್ಲಿ, ಕಾಲು ಚಾಚಿದರೆ ಗೋಡೆಗೆ ಒದೆಯುವಂಥ ತನ್ನ ಬಾಲ್ಯದ ಮಂಚದಲ್ಲೇ ಮಲಗುತ್ತಿದ್ದ. ಐವತ್ತರ ಹತ್ತಿರದ ಗಂಡಸು ಇದನ್ನು ಯಾರಲ್ಲಿ ಹೇಳಿಕೊಂಡಾನು? ನೆರೆಯವರಿಗೆ, "ಅಮ್ಮನ ಮನೆಗೆ ಬಣ್ಣ ಹೊಡೀತಿದ್ದೀನಿ" ಎಂದಿದ್ದ. ಈಸ್ಟರ್ ಹಬ್ಬದಿಂದ ಬಣ್ಣ ಹೊಡೆಯುತ್ತಲೇ ಇದ್ದ.

ಒಳಗೆ ಸಿಗ್ನಲ್ ಸಿಗದೆ ಅಂಗಳಕ್ಕೆ ಬಂದು, ವಿಮೆ ನವೀಕರಿಸಲು ಕಂಪನಿಗೆ ಫೋನ್ ಮಾಡಿದ.

"ಈಗ ಎಲ್ಲಿ ವಾಸ ಇದ್ದೀರಿ ಸರ್? ಜೊತೇಲಿ ಯಾರಿದ್ದಾರೆ?" ಎಂದಳು ಅತ್ತಲಿನ ಹುಡುಗಿ.

ಬೇಲಿಯಾಚೆ ಗಿಡ ಕತ್ತರಿಸುತ್ತಿದ್ದ ಸಿರಿಲ್‌ನ ಕತ್ತರಿ ಗಕ್ಕನೆ ನಿಂತಿತು. ಪಕ್ಕದ ಮನೆಯ ಈ ಸಿರಿಲ್ ವಿಧುರ, ನಿವೃತ್ತ ಬಸ್ ಇನ್‌ಸ್ಪೆಕ್ಟರ್.

"ನನ್ನ ಸ್ವಂತ ಮನೇಲಿ. ಹೆಂಡ್ತಿ ಜೊತೆ," ಎಂದ ನೆವಿಲ್, ಬೇಲಿಯ ಕಡೆ ಬೆನ್ನು ತಿರುಗಿಸಿ.

"ಸುಳ್ಳು ಹೇಳ್ಬೇಡಪ್ಪ," ಸಿರಿಲ್ ಬೇಲಿಯ ಮೇಲೆ ತಲೆ ಹಾಕಿದ. "ನನ್ನ ಭಾವಮೈದ ಹಿಂಗೇ ಹೇಳಿ, ಕಾರು ಜಜ್ಜಿಹೋದಾಗ ವಿಮೆ ದುಡ್ಡು ಸಿಗದೆ ಬಾಯಿ ಬಾಯಿ ಬಡ್ಕೊಂಡ. ನಿಜ ಹೇಳು. ಎಷ್ಟು ದಿನ ಇರ್ತೀಯ ಅಂತ ನಮಗೂ ಗೊತ್ತಾಗ್ಲಿ."

"ನಾನು ಬಣ್ಣ ಹೊಡೀತಿದ್ದೀನಿ ಅಂಕಲ್!"

"ಯಾವ ಗೋಡೆಗೆ?"

ಅಷ್ಟರಲ್ಲಿ ಬ್ರೆಡ್ಡಿನ ವ್ಯಾನೊಂದು ತಿರುವಿನಲ್ಲಿ ಬಂದು, ಬೀದಿಯಲ್ಲಿ ನಿಂತಿದ್ದ ನೆವಿಲ್‌ನ ಕಾರಿನ ಕನ್ನಡಿಯನ್ನು ಪಟಾರನೆ ಕಿತ್ತುಹಾಕಿತು.

"ಏನದು ಸದ್ದು ಸರ್?"

"ನನ್ನ ಕಾರು... ಅಮ್ಮನ್ನ ನೋಡೋಕೆ ಈಗಷ್ಟೇ ಬಂದೆ."

ಸದ್ದಿಗೆ ಎದುರುಮನೆಯ ಮಿಸೆಸ್ ಹಾಲ್ಗೇಟ್ ಚಪ್ಪಲಿ ಎಳೆಯುತ್ತ ಓಡಿಬಂದಳು. ಸಾಕ್ಷಿ ಹೇಳುವುದೆಂದರೆ ಆಕೆಗೆ ಹುಟ್ಟುಹಬ್ಬದ ಕೇಕಿನಷ್ಟೇ ಇಷ್ಟ. ಫೋನ್ ಕಿತ್ತುಕೊಂಡು, "ಈಗಷ್ಟೇ ಬಂದಿದ್ದಲ್ಲಮ್ಮ! ಪಾಪ, ಹೆಂಡ್ತಿ ಓಡಿಸಿದಾಗಿಂದ ಇಲ್ಲೇ ಬಿದ್ದಿದ್ದಾನೆ. ಅವನ ಚಡ್ಡಿ ಹಗ್ಗದ ಮೇಲೆ ಹಾರಾಡ್ತಿದೆ, ನಾನೇ ನೋಡ್ತಿದ್ದೀನಿ!" ಎಂದಳು.

ನೆವಿಲ್‌ನ ಕಿವಿ ಕೆಂಡವಾದವು. ಫೋನ್ ವಾಪಸ್ ತೆಗೆದುಕೊಂಡು, ತಲೆ ತಗ್ಗಿಸಿ, ನಿಜವನ್ನು ಪಿಸುಗುಟ್ಟಿದ.

"ಕೇಳಿಸ್ತಿಲ್ಲ ಸರ್. ಜೋರಾಗಿ ಹೇಳಿ."

"ಹೆಂಡ್ತಿ ಬಿಟ್ಟಿದ್ದಾಳೆ!" ಅವನು ಕಿರುಚಿದ. "ಅಮ್ಮನ ಮನೇಲಿದ್ದೀನಿ! ಇನ್ನು ಖಾಯಂ ಇಲ್ಲೇ!"

 ವ್ಯಾನಿನವನು ಸಾವಿನ ಮನೆಗೆ ಬಂದವನಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದ. ನಾಚಿಕೆಯಿಂದ ಕುಗ್ಗಿದ ನೆವಿಲ್‌ಗೆ, ಇಷ್ಟು ದಿನದ ಭಾರ ಇಳಿಯಿತಲ್ಲ ಎಂಬ ಸಣ್ಣ ನೆಮ್ಮದಿಯೂ ಆಯಿತು.

"ಸರಿ ಸರ್, ಹಾಗೇ ಬರ್ಕೊಂಡಿದ್ದೀನಿ," ಎಂದಳು ಹುಡುಗಿ, ಮೆತ್ತಗೆ.

ಬಾಗಿಲಲ್ಲಿ ಅಮ್ಮ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಮುಖ ಬಿಳುಚಿಕೊಂಡಿತ್ತು.

"ಖಾಯಂ ಅಂದ್ಯಾ ಮರಿ?"

"ಹೌದಮ್ಮಾ. ನಿಜ ಹೇಳ್ಬಿಟ್ಟೆ."

ಅಮ್ಮ ಸಿರಿಲ್‌ನ ಕಡೆ ನೋಡಿದಳು. ಸಿರಿಲ್ ಕತ್ತರಿಯ ಕಡೆ ನೋಡಿದ.

"ನಾನೂ ಸಿರಿಲ್ಲೂ ಶನಿವಾರ ಮದುವೆ ಆಗ್ತಿದ್ದೀವಿ ಕಣೋ. ಈ ವಯಸ್ಸಲ್ಲಿ ನಿನ್ ಹತ್ರ ಹೆಂಗ್ ಹೇಳೋದು ಅಂತ ನಾಚ್ಕೆ ಆಯ್ತು. ಅವರ ಮನೆ ಮಾರಿ ಆಯ್ತು. ಆ ಪುಟ್ಟ ಕೋಣೆಗೆ ಅವರ ಹವ್ಯಾಸದ ಆಟದ ರೈಲು, ಹಳಿ ಎಲ್ಲ ಬರುತ್ತೆ. ನೀನು ಅಷ್ಟರಲ್ಲಿ ಜಾನೆಟ್ ಹತ್ರ ಹೋಗಿರ್ತೀಯ ಅಂದ್ಕೊಂಡಿದ್ದೆ."

ಫೋನಿನಲ್ಲಿ ಹುಡುಗಿ ಮೆಲ್ಲಗೆ ಕೆಮ್ಮಿದಳು.

"ಸರ್... ಬರ್ಕೊಂಡಿದ್ದನ್ನ ಹೊಡೆದುಹಾಕ್ಲಾ?"