ಮೀನನ್ನು ಬೆಳಕಿಗೆ ಹಿಡಿಯುವ ಮಾವ

೧೯೮೯ರಲ್ಲಿ ನಾನು ಏಳನೇ ಇಯತ್ತೆಗೆ ಕೈಮುಗಿದು ಶಾಲೆ ಬಿಟ್ಟೆ. ಅವತ್ತಿನಿಂದ ನನಗೆ ಪರೀಕ್ಷೆ ಇಡುವ ಧೈರ್ಯ ಯಾರೂ ಮಾಡಿಲ್ಲ, ನನ್ನ ಸೋದರಮಾವ ಒಬ್ಬರನ್ನು ಬಿಟ್ಟು. ಅವರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ಕೈಯಲ್ಲಿ ಚೀಲ ಹಿಡಿದು ಮೀನಿನ ಬಜಾರಿಗೆ ಹೋಗುವ ಮನುಷ್ಯ ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು!

ತಿನ್ನಲಿಕ್ಕಲ್ಲ ಮತ್ತೆ. ತತ್ತಿ ಮಾರುವ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ನಡೆಯುವವರು ಅವರು. ಬೀದರಿನಿಂದ ಸಂಭಾಜಿನಗರಕ್ಕೆ ಬದಲಿಯಾಗಿ ಬಂದು, ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತರಾಗಿ, ಅಲ್ಲೇ ಚಿಕಲಠಾಣಾ ಕಡೆ ಉಳಿದರು. ಜೀವನಪೂರ್ತಿ ನೋಟುಗಳನ್ನು ಬೆಳಕಿಗೆ ಹಿಡಿದ ಕೈ ಸುಮ್ಮನಿರುತ್ತದೆಯೇ? ಈಗ ಬಾಲ ಹಿಡಿದು ಮೀನನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ಮೀನು ಮಾರುವ ಹೆಂಗಸು ಒಮ್ಮೆ, ಕಾಕಾ, ಖೋಟಾ ಇದೆಯೇನು ಎಂದು ಮರಾಠಿಯಲ್ಲಿ ಕೇಳಿದಳಂತೆ. ಇನ್ನೂ ಖಾತ್ರಿಯಿಲ್ಲ ಎಂದು ಇವರು ಗಂಭೀರವಾಗಿಯೇ ಹೇಳಿ ಬಂದರು.

ಈ ಹುಚ್ಚು ಹಿಡಿದದ್ದು ಅತ್ತೆ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ. ಮನೆಯಲ್ಲಿ ಕೂಡಲಾರದೆ, ಫ್ಯಾನ್ ಇದೆಯೆಂದು ಒಂದು ಕಾಲೇಜಿನ ಭಾಷಣಕ್ಕೆ ಹೋಗಿ ಕೂತರು. ಹೊಲತೋಟಗಳಿಗೆ ಹೊಡೆದ ಕೀಟನಾಶಕ ನದಿಗೆ ಹೇಗೆ ಸೇರುತ್ತದೆ ಎಂಬ ಭಾಷಣ. ಅಲ್ಲಿ ಎಷ್ಟು ಜನರಿಗೆ ತಿಳಿಯಿತೋ ಗೊತ್ತಿಲ್ಲ, ಮಾವ ಮಾತ್ರ ಬ್ಯಾಂಕಿನ ಭಾಷೆಗೆ ತಿರುಗಿಸಿಕೊಂಡು ಎದ್ದರು. ನದಿ ನೀರು ಅಂದರೆ ಚಾಲ್ತಿ ಖಾತೆ, ವಿಷ ಬರುತ್ತದೆ, ಹೋಗುತ್ತದೆ. ತಳದ ಕೆಸರು ಮುದ್ದತ್ತು ಠೇವಣಿ. ಮೀನಿನ ಕೊಬ್ಬು? ಅದು ಚಕ್ರಬಡ್ಡಿ!

ಅವತ್ತಿನಿಂದ ಅವರ ಚೀಲದಲ್ಲಿ ನೀರಿನ ಬಾಟ್ಲಿ, ಕೆಸರಿನ ಡಬ್ಬಿ, ಐಸ್‌ಗಡ್ಡೆಯಲ್ಲಿ ಒಂದು ಮೀನು. ಆ ಕಾಲೇಜಿನ ಹುಡುಗರು ಮೊದಮೊದಲು ತೆಗೆದುಕೊಂಡು ಪರೀಕ್ಷಿಸಿದರು, ಆಮೇಲೆ ಇವರನ್ನು ಕಂಡರೆ ಹಿಂದಿನ ಬಾಗಿಲಿನಿಂದ ಹೋಗತೊಡಗಿದರು. ಬಸವ ಜಯಂತಿಯ ಪ್ರಸಾದಕ್ಕೆ ಕೂತಾಗ ಆ ಚೀಲ ನಾರಿತು. ಸಮಾಜದ ಹಿರಿಯರು ಇವರನ್ನು ಸುತ್ತುಗಟ್ಟಿದರೆ, ಮಾವ ಚೀಲ ಬಿಚ್ಚಿ, ನೀವು ಕುಡಿಯೋ ನೀರಿನ ಸಾಕ್ಷಿದಾರ ಇವನೇ ಎಂದು ಮೀನನ್ನೇ ಎತ್ತಿ ತೋರಿಸಿದರಂತೆ. ಇಡೀ ಪಂಕ್ತಿ ಎದ್ದಿತು. ಮಾವ ಒಬ್ಬರೇ ಕೂತು ಹೋಳಿಗೆ ಊಟ ಮುಗಿಸಿದರು.

ನಾನಿರುವುದು ನಾಸಿಕದ ಹತ್ತಿರ. ದ್ರಾಕ್ಷಿ ತೋಟಗಳಿಗೆ ಔಷಧ ಹೊಡೆಯುವುದು ನನ್ನ ಕೆಲಸ. ಕೂಲಿಯವನಾಗಿ ಬಂದು ಸ್ವಂತ ಟ್ರ್ಯಾಕ್ಟರ್, ಸ್ವಂತ ಬ್ಲೋವರ್ ಮಾಡಿಕೊಂಡವನು. ಇಲ್ಲಿಯ ಹಳ್ಳ ಗೋದಾವರಿಗೆ ಸೇರುತ್ತದೆ, ಗೋದಾವರಿ ಮಾವನ ಊರಿನ ನಳಕ್ಕೆ. ಮಾವ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು, ನನ್ನ ಹಳ್ಳದ ಕೆಸರು ಒಯ್ಯಲಿಕ್ಕೆ! ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು, ಆಮೇಲೆ ಮಾತು. ನಾನು ಕೊಟ್ಟ ತಂಬಿಗೆಯನ್ನು ಬದಿಗಿಟ್ಟು ಮಾವ ತಮ್ಮ ಬಾಟ್ಲಿ ತೆಗೆಯುತ್ತಿದ್ದರು.

“ನಿನ್ನ ನೀರು ನಾ ಮನ್ಯಾಗ ದಿನಾ ಕುಡೀತೀನಲ್ಲೋ. ಇಲ್ಲಿ ಮತ್ತೊಮ್ಮೆ ಯಾಕ?”

ಎಷ್ಟು ಸಲ ನುಂಗಿಕೊಳ್ಳಲಿ? ಒಂದು ದಿನ ಅಂದೇಬಿಟ್ಟೆ. “ಔಷಧದ ಟಾಕಿ ಎಲ್ಲಾರೂ ಹಳ್ಳದಾಗೇ ತೊಳೀತಾರ್ರಿ ಮಾವಾ. ನಾ ಒಬ್ಬನೇ ಏನು?”

“ಎಲ್ಲಾರೂ ನಮ್ಮ ಅಕ್ಕನ ಮಕ್ಕಳಲ್ಲೋ.”

ಹಾಗಿದ್ದರೆ ಇನ್ನು ಬರಬೇಡಿರಿ ಎಂದೆ. ಅವರು ಡಬ್ಬಿಯ ಮುಚ್ಚಳ ಬಿಗಿ ಮಾಡಿಕೊಂಡು ಹೊರಟುಹೋದರು.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬನೇ. ಮಗಳು ಲಗ್ನವಾಗಿ ಘೋಟಿಯಲ್ಲಿದ್ದಾಳೆ. ಕನ್ನಡ ಅವಳಿಗೆ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಕನ್ನಡದಲ್ಲಿ ಬೈಸಿಕೊಳ್ಳದೆ ಒಂದು ಇಡೀ ದ್ರಾಕ್ಷಿ ಹಂಗಾಮು ಕಳೆಯಿತು. ನನ್ನ ಸ್ವಾಭಿಮಾನ ದೊಡ್ಡದು ಖರೆ, ಆದರೆ ಸಂಜೆ ಎದುರಿಗೆ ಕೂತು ಅದು ಮಾತಾಡುವುದಿಲ್ಲವಲ್ಲ!

ಒಂದು ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಟಾಕಿಯ ನಲ್ಲಿಗೆ ಕೈಯಿಟ್ಟವನು ತಿರುಗಿಸಲಿಲ್ಲ. ಟ್ರ್ಯಾಕ್ಟರ್ ಮರಳಿ ತೋಟಕ್ಕೆ ಒಯ್ದು, ಅಲ್ಲೇ ಟಾಕಿ ತೊಳೆದು, ಆ ನೀರನ್ನು ಅದೇ ಬಳ್ಳಿಗಳ ಮೇಲೆ ಹೊಡೆದು ಮುಗಿಸಿದೆ. ತೋಟದ ಮಾಲಕ ನಕ್ಕ. ಮುಂದೆ ದಿನಾ ನಕ್ಕ.

ಇದನ್ನು ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಬಸ್ಸು ಹತ್ತಿ ನಾನೇ ಹೋದೆ. ಮಾವನ ಮೊಣಕಾಲು ಹೋಗಿತ್ತು, ಮೀನಿನ ಬಜಾರು ನಿಂತಿತ್ತು. ನನ್ನನ್ನು ಕಂಡು ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಅರ್ಧ ಚೆಲ್ಲಿಕೊಳ್ಳುತ್ತ ತಂಬಿಗೆ ನೀರು ತಂದರು. ನಳದ ನೀರು. ನಾನು ಅದನ್ನೇ ನೋಡುತ್ತ ನಿಂತೆ.

“ನೋಡ್ತೀ ಏನು? ಕುಡಿ. ನಿಂದೇ ಅದ.”

ಪೂರ್ತಿ ಕುಡಿದೆ. ಆಮೇಲೆ ಟಾಕಿಯ ಸುದ್ದಿ ಹೇಳಿದೆ. ಅವರು ಕಾಲು ತಿಕ್ಕಿಕೊಳ್ಳುತ್ತ ಕೇಳಿದರು.

“ಒಂದು ಟಾಕಿಲಿಂದ ಗೋದಾವರಿಗಿ ಏನೂ ಆಗಂಗಿಲ್ಲೋ.”

“ಗೊತ್ತದರಿ.”

“ಮತ್ತ ಯಾಕ ಮಾಡ್ದಿ?”

ನಾನು ಖಾಲಿ ತಂಬಿಗೆ ಒಳಗಿಟ್ಟು ಬಂದೆ. ಊಟ ಮಾಡಿ ಹೋಗು ಎಂದರು.

ಮಾವ ಇನ್ನು ನಾಸಿಕಕ್ಕೆ ಬರಲಾರರು. ಸಂಜೆ ಫೋನ್ ಬರುತ್ತದೆ. ಎಲ್ಲಿ ತೊಳೆದೆ ಎಂದು ಕೇಳುತ್ತಾರೆ, ತೋಟದಲ್ಲೇ ಎನ್ನುತ್ತೇನೆ. ಆಗ ಆ ಕಡೆಯಿಂದ ನೀರು ಕುಡಿಯುವ ಸಪ್ಪಳ ಕೇಳುತ್ತದೆ, ಗುಟುಕು ಗುಟುಕಾಗಿ, ನನಗೆ ಕೇಳಲಿ ಎಂದೇ. ಕುಡಿದು ಮುಗಿಸಿ ಫೋನ್ ಇಡುತ್ತಾರೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಟ್ರ್ಯಾಕ್ಟರ್, ಒಂದು ಬ್ಲೋವರ್, ಎರಡು ಕೋಣೆ, ಘೋಟಿಯಲ್ಲಿ ಒಬ್ಬ ಮಗಳು, ಕನ್ನಡದಲ್ಲಿ ಬೈಯುವ ಒಬ್ಬ ಮಾವ.