ಬ್ಯಾನರಿನಲ್ಲಿ ಬಂದ ದಾನಿ

ಮಾಲತೇಶನಿಗೆ ಕಣ್ಣು ತೆರೆದುಕೊಂಡೇ ಕನಸು ಕಾಣುವ ಅಭ್ಯಾಸವಿತ್ತು. ಚನ್ನಗಿರಿ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿದ್ದ ಅವನು ಗೃಹಪ್ರವೇಶದ ಬ್ಯಾನರ್ ಮಾಡುವಾಗ ಮನಸ್ಸಿನಲ್ಲೇ ಆ ಮನೆಯೊಳಗೆ ಒಂದು ಸುತ್ತು ಓಡಾಡಿ ಬರುತ್ತಿದ್ದ. ಹುಟ್ಟುಹಬ್ಬದ ಬ್ಯಾನರ್ ಮಾಡುವಾಗ ಕೇಕು ತಿನ್ನುತ್ತಿದ್ದ. ಶ್ರದ್ಧಾಂಜಲಿ ಬ್ಯಾನರ್ ಬಂದ ದಿನ ಮಾತ್ರ ಹೆಂಡತಿ ನೇತ್ರಾವತಿ ಹೆದರಿಕೊಂಡು, "ಇವತ್ತು ಬೇಗ ಮನೀಗೆ ಬರ್ರಿ" ಎಂದು ಫೋನ್ ಮಾಡುತ್ತಿದ್ದಳು.

ಎಡವಟ್ಟಾಗಿದ್ದು ಸೂಳೆಕೆರೆ ದಂಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಬ್ಯಾನರಿನಿಂದ. ಶಾಲೆಯ ಕಟ್ಟಡ ಸಮಿತಿ ಅಧ್ಯಕ್ಷ ಮಹೇಶ್ವರಪ್ಪ ಎಂಬುವವರು ಫೋನಿನಲ್ಲೇ ಆರ್ಡರ್ ಕೊಟ್ಟಿದ್ದರು. "ಹೊಸ ಕೊಠಡಿ ಕಟ್ಟಾಕೆ ಜಾಗ ಕೊಟ್ಟೋರಿಗೆ ಸನ್ಮಾನ ಐತೆ ಕಣ್ರಿ. ನಡುವೆ ಒಂದು ದೊಡ್ಡ ಫೋಟೋ, ಕೆಳಗೆ 'ವಿದ್ಯಾದಾನಿಗಳಿಗೆ ಸ್ವಾಗತ' ಅಂತ ಹಾಕ್ರಿ. ಫೋಟೋ ಆಮೇಲೆ ಕಳಿಸ್ತೀನಿ."

ಫೋಟೋ ಬರಲಿಲ್ಲ. ಅಳತೆ ಸರಿಯಾಗುತ್ತದೋ ಇಲ್ಲವೋ ನೋಡಲು ಮಾಲತೇಶ ಆ ದುಂಡನೆಯ ಜಾಗದಲ್ಲಿ ತನ್ನದೇ ಫೋಟೋ ಕೂರಿಸಿದ. ನೋಡುತ್ತಾ ನೋಡುತ್ತಾ ಕಂಪ್ಯೂಟರಿನ ಪರದೆ ಕರಗಿಹೋಯಿತು. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬಂತು, ಯಾರೋ ಕೊರಳಿಗೆ ಹಾರ ಹಾಕಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ತನ್ನ ಬೆರಳು ಪ್ರಿಂಟ್ ಒತ್ತಿದ್ದಾಗಲಿ, ಆ ಚಪ್ಪಾಳೆ ಪ್ರಿಂಟಿಂಗ್ ಮೆಷಿನ್ನಿನ ಸದ್ದು ಎಂಬುದಾಗಲಿ ಅವನಿಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಬಂದವನೇ ಸುರುಳಿಯನ್ನು ಬಿಚ್ಚಿಯೂ ನೋಡದೆ ಆ ಕಡೆ ಹೋಗುವ ಬಸ್ಸಿನ ಕ್ಲೀನರ್ ಕೈಗೆ ಕೊಟ್ಟು, ಕೈ ಒರೆಸಿಕೊಂಡ.

ಒಂದೆರಡು ಗಂಟೆ ಕಳೆದು ಟೀ ಲೋಟ ಬಾಯಿಗೆ ಇಡುವಷ್ಟರಲ್ಲಿ ನೇತ್ರಾವತಿಯ ಫೋನು.

"ಏನ್ರೀ, ನಮಗೆ ಯಾವೂರಾಗೆ ಜಾಗ ಐತ್ರೀ?"

"ಎಲ್ಲೂ ಇಲ್ವಲ್ಲೇ."

"ಮತ್ತೆ ಯಾವ್ದನ್ನ ದಾನ ಮಾಡಿದ್ರಿ? ಎಲ್ಲರ ಸ್ಟೇಟಸ್‍ನಾಗೂ ನಿಮ್ಮ ಮುಖಾನೇ ಐತೆ. ತಗೊಂಡಿದ್ದನ್ನೂ ಹೇಳಲಿಲ್ಲ, ಕೊಟ್ಟಿದ್ದನ್ನೂ ಹೇಳಲಿಲ್ಲ. ನಮ್ಮಣ್ಣ ಕೇಳ್ತಾನೆ, ನಾನೇನು ಹೇಳ್ಲಿ?"

ಮಾಲತೇಶನ ಕೈಯಲ್ಲಿದ್ದ ಟೀ ಅಂಗಿಯ ಮೇಲೆ ಇಳಿಯಿತು. ಅಷ್ಟರಲ್ಲಿ ಪಕ್ಕದ ಮೊಬೈಲ್ ಅಂಗಡಿಯ ಸತೀಶ್ ಕುಮಾರ್ ಓಡಿಬಂದು ಕೈ ಕುಲುಕಿದ. "ಮಾಲತೇಶಣ್ಣಾ, ಮುಚ್ಚಿಟ್ಕೊಂಡಿದ್ರಲ್ಲ! ನಮ್ಮ ಕೇರಿ ಗಣಪತಿಗೂ ಏನಾದ್ರೂ ಮಾಡ್ರಿ ಮತ್ತೆ. ಎಲ್ಲರಿಗೂ ಫಾರ್ವರ್ಡ್ ಮಾಡೀನಿ, ಚಿಂತೆ ಬ್ಯಾಡ."

ಮಹೇಶ್ವರಪ್ಪನವರ ಫೋನು ಎಷ್ಟು ಸಲ ಬಡಿದುಕೊಂಡರೂ ಯಾರೂ ಎತ್ತಲಿಲ್ಲ. ಮಾಲತೇಶ ಮುಖ ಮುಚ್ಚಲಿಕ್ಕಾಗುವಷ್ಟು ಬಿಳಿ ಫ್ಲೆಕ್ಸ್ ತುಂಡು ಕತ್ತರಿಸಿಕೊಂಡು, ಗಮ್ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದ.

ದಾರಿಯುದ್ದಕ್ಕೂ ಅವಸರವಿತ್ತು, ನಿಜ. ಆದರೆ ಗುಡ್ಡದ ತಿರುವು ದಾಟಿ ಕೆರೆ ಕಾಣಿಸಿದಾಗ ಸ್ಕೂಟರು ತಾನಾಗಿಯೇ ನಿಧಾನವಾಯಿತು. ಅಷ್ಟಗಲದ ನೀರು ಬಿಸಿಲಿನಲ್ಲಿ ಮಲಗಿತ್ತು. ಆಚೆ ದಡ ಮಂಜಿನಲ್ಲಿ ಕಂಡೂ ಕಾಣದ ಹಾಗಿತ್ತು. ಒಂದು ತೆಪ್ಪ ನೀರಿನ ಮೇಲಿದೆಯೋ ಆಕಾಶದಲ್ಲಿದೆಯೋ ಹೇಳಲು ಬರುವಂತಿರಲಿಲ್ಲ. ಇಂಥ ಕಡೆ ಓದುವ ಮಕ್ಕಳಿಗೆ ಜಾಗ ಕೊಟ್ಟ ಪುಣ್ಯಾತ್ಮ ಯಾರಿರಬಹುದು ಎಂದು ಯೋಚಿಸುತ್ತಾ, ಅದು ತಾನಲ್ಲ ಎಂಬುದನ್ನು ಅರ್ಧ ಮರೆತೇ ಊರೊಳಗೆ ಹೊಕ್ಕ.

ಶಾಲೆಯ ಗೇಟಿನ ಮೇಲೆ ಅವನ ಮುಖ ಬಾಗಿಲಿಗಿಂತ ದೊಡ್ಡದಾಗಿ ನಗುತ್ತಿತ್ತು.

"ಬಂದ್ರು! ಬಂದ್ರು!" ಎಂದು ಯಾರೋ ಕೂಗಿದರು. ಒಬ್ಬ ಹೆಂಗಸು ಆರತಿ ತಟ್ಟೆ ಹಿಡಿದು ಬಂದಳು. ಜನರ ನಡುವಿನಿಂದ ಬಿಳಿ ಪಂಚೆಯ ಹಿರಿಯರೊಬ್ಬರು ಓಡಿಬಂದು ಮಾಲತೇಶನನ್ನು ತಬ್ಬಿಕೊಂಡರು. ತಬ್ಬಿಕೊಂಡವರು ಬಿಡಲೇ ಇಲ್ಲ. ಕಳೆದುಹೋಗಿದ್ದ ಎಮ್ಮೆ ಸಿಕ್ಕವರ ಹಾಗೆ ಅವರ ಕಣ್ಣಲ್ಲಿ ನೀರಿತ್ತು.

"ನಾನೇ ಮಹೇಶ್ವರಪ್ಪ. ದೇವರು ಬಂದಂಗೆ ಬಂದ್ರಿ ನೋಡ್ರಿ!"

"ಯಜಮಾನ್ರೇ, ಅದು ನಾನಲ್ಲ. ನಾನು ಫ್ಲೆಕ್ಸ್ ಅಂಗಡಿಯೋನು. ಅಳತೆಗೆ ಅಂತ ನನ್ನ ಫೋಟೋ ಹಾಕಿದ್ದೆ, ಹಂಗೇ ಪ್ರಿಂಟಾಗೈತೆ."

"ಎಂಥಾ ಮಾತು! ದೊಡ್ಡೋರು ಯಾವತ್ತೂ ಹಿಂಗೇ ಅನ್ನೋದು" ಎಂದು ಮಹೇಶ್ವರಪ್ಪ ಮತ್ತೊಮ್ಮೆ ತಬ್ಬಿಕೊಂಡರು.

ಹೆಡ್ ಮೇಡಂ ಸಂಧ್ಯಾರಾಣಿಯವರಾದರೂ ಓದಿದವರು, ಅರ್ಥ ಮಾಡಿಕೊಂಡಾರು ಎಂದು ಆಫೀಸು ರೂಮಿಗೆ ಹೋದ. ಅವರು ಪೂರ್ತಿ ಕೇಳಿಸಿಕೊಂಡರು. ನೆಲ ನೋಡಿದರು. ಕಿಟಕಿ ನೋಡಿದರು. ಆಮೇಲೆ, "ಉಪ್ಪಿಟ್ಟು ತಗೊಳ್ರಿ ಸಾರ್. ಕಾರ್ಯಕ್ರಮ ಮುಗೀಲಿ, ಮಾತಾಡಾಣ" ಎಂದರು.

ಉಪ್ಪಿಟ್ಟು ತಿಂದ ಮೇಲೆ ಮಾಲತೇಶನಿಗೆ ಧೈರ್ಯ ಬಂತು. ಗೋಡೆಗೆ ಒರಗಿಸಿದ್ದ ಏಣಿ ತಂದು, ಬಿಳಿ ತುಂಡನ್ನು ಬಗಲಲ್ಲಿ ಇಟ್ಟುಕೊಂಡು ಗೇಟು ಹತ್ತಿದ. ತನ್ನ ಮೂಗಿನ ಮಟ್ಟಕ್ಕೆ ಏರುವಷ್ಟರಲ್ಲಿ ಕೆಳಗೆ ಗದ್ದಲವೆದ್ದಿತು.

"ಅಯ್ಯೋ, ದಾನಿಗಳು ಏಣಿ ಹತ್ತಬಾರದ್ರೀ! ಬ್ಯಾನರ್ ಸೊಟ್ಟ ಐತಾ? ನಾವು ನೆಟ್ಟಗೆ ಮಾಡ್ತೀವಿ ಬಿಡ್ರಿ!"

ನಾಲ್ಕಾರು ಜನ ಒಟ್ಟಿಗೆ ನೆರವಿಗೆ ಬಂದರು. ಆ ನೂಕಾಟದಲ್ಲಿ ಏಣಿ ಪಕ್ಕಕ್ಕೆ ಜಾರಿತು. ಮಾಲತೇಶ ಬಾವಲಿಯಂತೆ ಗೇಟಿನ ಕಮಾನಿಗೆ ಜೋತುಬಿದ್ದು, ತನ್ನ ಕೆನ್ನೆಗೇ ತಾನು ಕೆನ್ನೆ ಒತ್ತಿಕೊಂಡ. ಬಿಳಿ ತುಂಡು ಗಾಳಿಗೆ ಹಾರಿ ಕೆರೆಯ ಕಡೆ ತೇಲಿಹೋಯಿತು. ಇಳಿಸಿದವರು ಅವನನ್ನು ನೆಲಕ್ಕೆ ಬಿಡದೆ ಹಾಗೆಯೇ ಹೆಗಲ ಮೇಲೆ ಹೊತ್ತು ವೇದಿಕೆಗೆ ತಲುಪಿಸಿದರು.

ಕುರ್ಚಿಯಲ್ಲಿ ಕುಳಿತ ಮೇಲೆ ಎಲ್ಲವೂ ಹಿತವಾಯಿತು. ಬೇವಿನ ಮರದ ನೆರಳು ಅಲುಗಾಡುತ್ತಿತ್ತು. ಮಕ್ಕಳು ಪ್ರಾರ್ಥನೆ ಹಾಡಿದರು. ಹಾಡು ನೀರಿನ ಮೇಲೆ ಹೋಗಿ, ತಣ್ಣಗಾಗಿ, ವಾಪಸು ಬಂದಂತಿತ್ತು. ತಲೆಗೆ ಪೇಟ ಬಂತು, ಹೆಗಲಿಗೆ ಶಾಲು ಬಂತು, ಮಡಿಲಿಗೆ ಹಣ್ಣಿನ ಬುಟ್ಟಿ ಬಂತು. ತಾನು ಯಾವಾಗಲೋ, ಯಾವುದೋ ಜನ್ಮದಲ್ಲೋ, ಈ ಜಾಗ ಕೊಟ್ಟಿದ್ದರೂ ಕೊಟ್ಟಿರಬಹುದು ಎಂದು ಮಾಲತೇಶನಿಗೆ ಅನಿಸತೊಡಗಿತು. ಆ ಜಾಗದ ಮಣ್ಣು ಕೆಂಪಗಿತ್ತೆಂದೂ ನೆನಪಾಯಿತು.

ಆಗ ಮುಂದಿನ ಸಾಲಿನಲ್ಲಿ, ಮಕ್ಕಳ ಜೊತೆ ನೆಲದ ಮೇಲೆ ಕುಳಿತಿದ್ದ ಒಬ್ಬ ಮುದುಕಿ ಕಣ್ಣಿಗೆ ಬಿದ್ದಳು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಅವಳ ಮಂಡಿಯ ಮೇಲೆ ತಲೆಯಿಟ್ಟು, "ಉಚ್ಚಂಗೆಮ್ಮಜ್ಜಿ, ನಿನ್ನ ಮೆಣಸಿನಕಾಯಿ ಹೊಲದಾಗೇ ನಮ್ಮ ಕ್ಲಾಸು ಬರತೈತಾ?" ಎಂದು ಕೇಳುತ್ತಿದ್ದಳು. ಮುದುಕಿ ಅವಳ ತಲೆ ನೇವರಿಸಿ ಹೂಂಗುಟ್ಟಿದಳು.

ಮಾಲತೇಶನ ಕನಸು ಒಡೆಯಿತು. ಶಾಲು ಕೆಂಡದ ಹಾಗೆ ಸುಟ್ಟಿತು. ಅವನು ಎದ್ದು ಹೋಗಿ ಮೈಕು ಹಿಡಿದುಕೊಂಡ.

"ಎಲ್ಲರಿಗೂ ನಮಸ್ಕಾರ. ನಾನು ಒಂದು ಚಟಾಕು ಮಣ್ಣೂ ಕೊಟ್ಟಿಲ್ಲ. ಜಾಗ ಕೊಟ್ಟೋರು ಅಲ್ಲಿ ನೆಲದ ಮ್ಯಾಲೆ ಕೂತಾರೆ. ಅವರ ಜಾಗದಾಗೆ ನನ್ನ ಮುಖ ಬಂದೈತೆ. ತಪ್ಪು ನಂದು. ದಯವಿಟ್ಟು ಕ್ಷಮಿಸ್ರಿ."

ಕೆಳಗಿಳಿದು ಶಾಲು ತೆಗೆದು ಮುದುಕಿಗೆ ಹೊದಿಸಿದ. ಕಾಲು ಮುಟ್ಟಿದ. ಇನ್ನು ಬೈಗುಳ ಬರಬಹುದು, ಚಪ್ಪಲಿ ಬಂದರೂ ಬರಬಹುದು ಎಂದು ಕಣ್ಣು ಮುಚ್ಚಿಕೊಂಡ.

ಬಂದದ್ದು ಚಪ್ಪಾಳೆ. ಅದು ನಿಲ್ಲಲೇ ಇಲ್ಲ.

"ಗೊತ್ತೈತೆ ಬಿಡಪ್ಪ" ಎಂದಳು ಉಚ್ಚಂಗೆಮ್ಮ. "ಊರಿಗೆಲ್ಲ ಗೊತ್ತೈತೆ."

"ಗೊತ್ತಿತ್ತಾ? ಮತ್ತೆ ನನ್ನನ್ಯಾಕೆ ಹೊತ್ಕೊಂಡು ಬಂದ್ರಿ?"

ಸಂಧ್ಯಾರಾಣಿ ಮೇಡಂ ಈಗ ನೆಲ ನೋಡಲಿಲ್ಲ. "ಸಾರ್, ಅಜ್ಜಿ ಜಾಗ ಕೊಟ್ರು. ಆದ್ರೆ ಕೊಠಡಿ ಕಟ್ಟಿಸಾಕೆ ಕಚೇರಿಗೆ ಓಡಾಡೋರು ಯಾರು? ಮಹೇಶ್ವರಪ್ಪನೋರು 'ಇನ್ನು ನನ್ನ ಕೈಲಿ ಆಗಲ್ಲ' ಅಂದ್ಬಿಟ್ರು, ಊರಾಗೆ ಬ್ಯಾರೆ ಯಾರೂ ಒಪ್ಪವಲ್ಲರು. 'ಕಟ್ಟಿಸೋನನ್ನ ಮೊದ್ಲು ತೋರಿಸ್ರಿ, ಆಮ್ಯಾಲೆ ನಂಗೆ ಶಾಲು' ಅಂತ ಅಜ್ಜಿ ಹಟ ಹಿಡಿದು ಫೋಟೋನೂ ಕೊಡ್ಲಿಲ್ಲ."

"ಅದಕ್ಕೇ," ಎಂದು ಗುಂಪಿನಲ್ಲಿದ್ದ ಒಬ್ಬ ಮುಂದುವರಿಸಿದ, "ಇವತ್ತು ಯಾರು ಪೇಟ ಸುತ್ತಿಸ್ಕೊಂತಾರೋ ಅವರೇ ಕಟ್ಟಡ ಸಮಿತಿ ಅಧ್ಯಕ್ಷರು ಅಂತ ನಿನ್ನೆ ಸಭೇಲಿ ತೀರ್ಮಾನ ಆತು. ಬೆಳಿಗ್ಗೆ ಊರಿನ ಗಂಡಸರೆಲ್ಲ ತಲೆ ತಪ್ಪಿಸ್ಕೊಂಡು ಓಡಾಡ್ತಿದ್ವಿ. ಬ್ಯಾನರ್ ಬಿಚ್ಚಿದ್ರೆ ನಿಮ್ಮ ಮುಖ!"

ಮಾಲತೇಶ ತಲೆಯ ಮೇಲೆ ಕೈಯಾಡಿಸಿದ. ಪೇಟ ಇನ್ನೂ ಅಲ್ಲೇ ಇತ್ತು. ತೆಗೆಯಲು ಹೋದ. ಬಿಗಿಯಾಗಿ ಸುತ್ತಿದ್ದರು, ಬರಲಿಲ್ಲ.

"ಸುಳ್ಳು ಹೇಳಾಕೆ ಬರಲ್ಲ ಇವಂಗೆ. ನನ್ನ ಹೊಲ ಹಾಳಾಗಲ್ಲ ಬಿಡು" ಎಂದು ಉಚ್ಚಂಗೆಮ್ಮ ಅವನ ಕೈ ಹಿಡಿದು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಮೆಣಸಿನ ಗಿಡ ಕಿತ್ತ ಕಪ್ಪು ನೆಲ. ಅದರಾಚೆ ಕೆರೆ. "ಕಿಟಕಿ ನೀರಿನ ಕಡೆ ಇಡಿಸು ಮಗಾ. ಎರಡನೇ ಕ್ಲಾಸಿಗೇ ಬಿಡಿಸಿದ್ರು ನನ್ನ. ಓದಾಕೆ ಬೇಜಾರಾದ್ರೆ ಹುಡುಗ್ರು ನೀರು ನೋಡ್ಲಿ, ಮನಿಗೆ ಓಡಿಹೋಗೋದು ಬ್ಯಾಡ."

ಇಲ್ಲ ಎನ್ನಬೇಕೆಂದು ಮಾಲತೇಶ ಬಾಯಿ ತೆರೆದ. ಅಷ್ಟರಲ್ಲಿ ಆ ಖಾಲಿ ನೆಲದ ಮೇಲೆ ಗೋಡೆಗಳು ಎದ್ದವು, ಕಿಟಕಿ ತೆರೆಯಿತು, ಮಗ್ಗಿ ಕೇಳಿಸಿತು. ಗಾಳಿ ಬೀಸಿತು. "ಹೂಂ" ಎಂದುಬಿಟ್ಟ.

ವಾಪಸು ಬಂದಾಗ ಮಹೇಶ್ವರಪ್ಪ ತಮ್ಮ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟು ನಿಂತಿದ್ದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಎಲ್ಲಿಗೆ ಹೊರಟ್ರಿ ಯಜಮಾನ್ರೇ? ಇದೇ ಊರೋರಲ್ವಾ ನೀವು? ಜೊತೆಗೆ ನೀವಿದ್ರೆ ನಂಗೂ ಧೈರ್ಯ."

"ನಾನು ನ್ಯಾಮತಿಯೋನು ಕಣ್ರಿ" ಎಂದು ಮಹೇಶ್ವರಪ್ಪ ಬಸ್ಸಿಗೆ ಕೈ ಅಡ್ಡ ಹಿಡಿದರು. "ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಶಾಮಿಯಾನ ಹಾಕಾಕೆ ಬಂದಿದ್ದೆ, ಇವತ್ತು ಬಿಟ್ರು."